ಎಲ್ಲದಕ್ಕೂ ‘ಆತು’ ಅಂದವನು

ಹೊಳೆ ದಂಡೆಯ ಆಶ್ರಮದಲ್ಲಿ ಯಲ್ಲಾಲಿಂಗ ಅಂತ ಒಬ್ಬ ಶಿಷ್ಯನಿದ್ದ. ಬರೀ ಶಿಷ್ಯ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಶಿಷ್ಯರೊಳಗೆ ಹುಲಿ ಅನ್ನಬೇಕು.

ಆಶ್ರಮದ ಚೆನ್ನವೀರಜ್ಜ ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಕಂಪ್ಯೂಟರಿನ ಒಡಲಲ್ಲಿ ಕರ್ನಲ್ ಅಂತ ಒಬ್ಬ ಯಜಮಾನ ಇರುತ್ತಾನೆ. ಹೊರಗೆ ಸ್ವಿಚ್ ಅಂತ ಒಂದು ಪೆಟ್ಟಿಗೆ, ಅದಕ್ಕೆ ಸಾಲಾಗಿ ಬಾಯಿಗಳು, ಬಾಯಿಗೊಂದು ವೈರು. ಯಜಮಾನನ ಮಾತು ಪೆಟ್ಟಿಗೆಗೆ ತಿಳಿಯುವುದಿಲ್ಲ, ಪೆಟ್ಟಿಗೆಯ ಮಾತು ಯಜಮಾನನಿಗೆ ತಿಳಿಯುವುದಿಲ್ಲ. ನಡುವೆ ನಿಂತು ಇಬ್ಬರಿಗೂ ತಿಳಿಸಿ ಹೇಳುವ ಕೋಡ್‌ಗೆ ಡ್ರೈವರ್ ಅನ್ನುತ್ತಾರೆ. ಅದನ್ನು ಬರೆಯುವುದೇ ಆ ವಿದ್ಯೆ.

ಯಲ್ಲಾಲಿಂಗ ತನ್ನ ಮೊದಲ ಡ್ರೈವರ್ ಬರೆದು ಮುಗಿಸಿದ್ದ.

ಹೊಳೆಯ ಆಚೆ ದಂಡೆಯಲ್ಲಿ ಒಂದು ಹೆರಿಗೆ ಆಸ್ಪತ್ರೆ. ಬಾಣಂತಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ನರ್ಸಮ್ಮನ ಕೋಣೆಯಲ್ಲಿ ಗಂಟೆ ಬಡಿಯಬೇಕು. ಅಲ್ಲೊಂದು ಕರಿ ಪೆಟ್ಟಿಗೆ ಮೊದಲಿಂದ ಇತ್ತು. ಹಾಸಿಗೆ ಹೆಚ್ಚಾದವು ಅಂತ ಅದರ ಮಗ್ಗುಲಿಗೆ ಬಿಳಿ ಪೆಟ್ಟಿಗೆ ಕೂಡಿಸಬೇಕಿತ್ತು. ಕರಿಯದಕ್ಕೆ ಡ್ರೈವರ್ ಬರೆದವರು ಅಜ್ಜ. ಬಿಳಿಯದಕ್ಕೆ ಯಲ್ಲಾಲಿಂಗ.

ಅಜ್ಜ ‘ಹೋಗು’ ಅಂದರೆ ಅವನು ಪೆಟ್ಟಿಗೆ ಹೊತ್ತು ಹೊಳೆ ದಾಟಬಹುದು. ಅನ್ನದಿದ್ದರೆ ಮತ್ತೊಂದು ವರ್ಷ ಅದೇ ಚಾಪೆ, ಅದೇ ಪಾಠ.

ಅಜ್ಜ ಇನ್ನೂ ಅಂದಿರಲಿಲ್ಲ. ಆದರೆ ಯಲ್ಲಾಲಿಂಗ ಊರಿಗೆ ಫೋನ್ ಹಚ್ಚಿ ಹೇಳಿಬಿಟ್ಟಿದ್ದ: “ನಂದು ಕೆಲಸ ಆತು. ನಾಳೆ ಮಧ್ಯಾಹ್ನ ಎಲ್ಲಾರೂ ಬರ್ರಿ. ಬಾರಸಾಕ ಹಲಗಿ ತರೋದು ಮರೀಬ್ಯಾಡ್ರಿ.”

ಊರಿಗೆ ಊರೇ ತಯಾರಾಗಿತ್ತು. ಡ್ರೈವರ್ ಅಂದರೆ ಯಾವ ಗಾಡಿ ಅಂತ ಯಾರೂ ಕೇಳಿರಲಿಲ್ಲ.

ಆಶ್ರಮದ ಪಡಸಾಲೆಯಲ್ಲಿ ಪರೀಕ್ಷೆಗೆ ಅಂತ ಆಸ್ಪತ್ರೆಯಲ್ಲಿದ್ದಂಥದ್ದೇ ಒಂದು ಕರಿ ಪೆಟ್ಟಿಗೆ, ಬಿಳಿ ಪೆಟ್ಟಿಗೆ ಎರಡನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸಿ, ಮೇಲೊಂದು ಗಂಟೆ ತೂಗುಹಾಕಿದ್ದರು. ಅಜ್ಜ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದರು.

“ಹೇಳು,” ಅಂದರು.

“ಹೊಸ ಗುಂಡಿ ಜೋಡಿಸಿದ ಕೂಡಲೇ ಕರ್ನಲ್ ಡಂಗುರ ಹೊಡೀತೈತ್ರಿ, ಅಜ್ಜಾರ. ಇಂಥಾ ವಿಳಾಸದಾಂವ ಇಂಥಾ ಬಾಯಿಗೆ ಬಂದು ಕುಂತಾನ ಅಂತ. ಡ್ರೈವರ್‌ಗೋಳು ಸಾಲಾಗಿ ನಿಂತು ಕೇಳ್ತಾವ.”

“ಹೂಂ.”

“ಕೂಗೂಮುಂದ ಕರ್ನಲ್ ಒಂಟಿಕಾಲ ಮ್ಯಾಲೆ ನಿಂತಿರ್ತೈತಿ. ಅದನ್ನ ಹಂಗ ನಿಲ್ಲಿಸ್ಕೊಂಡು ನಾವು ಕೆಲಸಕ್ಕ ಕುಂದರಬಾರದು. ಉಳಿದ ಹುಡುಗರು ಅಲ್ಲೇ ಬೀಳ್ತಾರ. ನಾ ಹಂಗಲ್ಲ. ಕೇಳ್ತೀನಿ, ನೆನಪಿಟ್ಕೋತೀನಿ, ‘ಆತು’ ಅಂತೀನಿ, ಅದನ್ನ ಬಿಟ್ಟ ಬಿಡ್ತೀನಿ. ಕೆಲಸ ಆಮ್ಯಾಲೆ, ಪಾಳಿ ಪ್ರಕಾರ.”

“ಚಲೋ.”

“ಇನ್ನೂ ಐತ್ರಿ. ಸಾಲಿನಾಗ ಎಲ್ಲಾರಕಿಂತ ಮುಂದ ನಿಂತೀನಿ. ನಿಮ್ಮ ಡ್ರೈವರ್ ನನ್ನ ಹಿಂದ ಐತಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ.”

ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. “ಗುಂಡಿ ಹಚ್ಚು.”

ಯಲ್ಲಾಲಿಂಗ ಬಿಳಿ ಪೆಟ್ಟಿಗೆಗೆ ಗುಂಡಿ ಜೋಡಿಸಿ ಒತ್ತಿದ. ಗಂಟೆ ಬಡಿಯಿತು. ಅವನ ಕೈ ತಾನಾಗಿ ಮೀಸೆಗೆ ಹೋಯಿತು.

“ಈಗ ಕರೀದಕ್ಕ.”

ಅದೇ ಗುಂಡಿ ಕಿತ್ತು ಕರಿ ಪೆಟ್ಟಿಗೆಗೆ ಜೋಡಿಸಿ ಒತ್ತಿದ. ಇಲ್ಲ. ಮತ್ತೆ ಒತ್ತಿದ. ಹೆಬ್ಬೆರಳು ಊರಿ ಒತ್ತಿದ. ಗಂಟೆ ಗಪ್ಪಾಗಿ ತೂಗುತ್ತಿತ್ತು.

“ನಿಮ್ಮ ಪೆಟ್ಟಿಗಿಗೆ ವಯಸ್ಸಾತ್ರಿ, ಅಜ್ಜಾರ.”

“ನಿಂದು ಬರೂತನಕ ಬಡೀತಿತ್ತಪಾ.”

“ವೈರ್ ಲೂಸ್ ಇರಬೇಕು.”

ವೈರು ಬದಲಿಸಿದರು. ಗಪ್ಪು.

“ಗುಂಡಿ ಕೆಟ್ಟಿರಬೇಕು.”

“ಈಗಷ್ಟ ಬಿಳೀದಕ್ಕ ಬಡದೈತಲ್ಲೋ ಅದು!” ಅಜ್ಜ ಹಣೆ ಒತ್ತಿಕೊಂಡರು. “ಕರಿ ಪೆಟ್ಟಿಗಿಗೆ ಗುಂಡಿ ಬಂತು ಅಂತ ಕರ್ನಲ್ ಕೂಗಿತಲ್ಲ, ಅದಕ್ಕ ಯಾರು ಏನಂದ್ರು?”

ಯಲ್ಲಾಲಿಂಗ ಪರದೆ ನೋಡಿದ. “ನಾ ಆತು ಅಂದೀನ್ರಿ.”

“ಆಮ್ಯಾಲೆ?”

“ಆಮ್ಯಾಲೆ ಏನೈತ್ರಿ? ಕರ್ನಲ್ ಸುಮ್ಮನಾತು. ನನ್ನ ಕಡೆ ಒಂದು ತಪ್ಪು ತೋರಸ್ರಿ ನೋಡೋಣ. ಎಲ್ಲಾದಕ್ಕೂ ಆತು, ಆತು, ಆತು. ನೀವ ನೋಡ್ರಿ.”

“ನೋಡಿದೆ.”

“ಮತ್ತ ಹೋಗು ಅನ್ರಲಾ!”

ಅಜ್ಜ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು. “ನಾಳೆ ಮುಂಜಾನೆ ಬಾಗಲದಾಗ ಕೂಡು. ಬಂದವರಿಗೆ ನೀರು ಕೊಡು.”

“ನೀರ? ಡ್ರೈವರ್ ಬರದ ಕೈಯಾಗ ತಂಬಿಗಿ?”

“ಹೂಂ. ನೀರು ಕೊಡೋದಷ್ಟ ನಿನ್ನ ಕೆಲಸ.”

ಮುದುಕರಿಗೆ ಹೊಟ್ಟೆಕಿಚ್ಚು ಅಂತ ಯಲ್ಲಾಲಿಂಗ ಅಂದುಕೊಂಡ. ಸಾಲಿನಲ್ಲಿ ಹಿಂದೆ ನಿಲ್ಲಿಸಿದರೆ ಯಾರಿಗಾದರೂ ಉರಿಯುತ್ತದೆ.

ಆ ಆಶ್ರಮದ್ದು ಒಂದು ಪದ್ಧತಿ ಇತ್ತು. ಸುದ್ದಿ ತಂದವರು ಮೊದಲು ಬಾಗಿಲಲ್ಲಿ ಹೇಳಬೇಕು. ಅಲ್ಲಿ ಕೂತವನು ‘ನಂದಲ್ಲ’ ಅಂದರೆ ಅಡುಗೆಮನೆ ಮುಂದೆ ಕೂತ ನೀಲವ್ವನಿಗೆ ಹೇಳಬೇಕು. ಆಕೆಯೂ ‘ನಂದಲ್ಲ’ ಅಂದರೆ ದನದ ಕೊಟ್ಟಿಗೆಯ ಫಕೀರಪ್ಪನಿಗೆ. ನಡುವೆ ಯಾರಾದರೂ ‘ಆತು’ ಅಂದರೆ ಮುಗಿಯಿತು, ಸುದ್ದಿ ತಂದವರು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು.

ಮುಂಜಾನೆ ಯಲ್ಲಾಲಿಂಗ ನೀರಿನ ಹರವಿ ತುಂಬಿಸಿಕೊಂಡು ಬಾಗಿಲಲ್ಲಿ ಕೂತ.

ಮೊದಲು ಒಬ್ಬ ಮುದುಕ ಬಂದ. “ನೀರು, ತಮ್ಮಾ.” ಕೊಟ್ಟ. ಅದರಲ್ಲೇನು ವಿದ್ಯೆ?

ಆಮೇಲೆ ಗಿರಣಿಯವನು ಬಂದ. “ಜ್ವಾಳದ ಹಿಟ್ಟು ತಂದೀನಿ. ಚೀಲ ಹೊಳಿ ಮೆಟ್ಟಲ ಮ್ಯಾಲೆ ಇಳಿಸೀನಿ. ಯಾರಿಗೆ ಹೇಳ್ಲಿ?”

“ನನಗ ಹೇಳೀಯಲ್ಲ. ಆತು.”

“ಒಳಗ ಹೇಳಿ ಹೋಗ್ಲ್ಯಾ?”

“ಆತು ಅಂದೆಲ್ಲೋ ಮಾರಾಯಾ! ಎಷ್ಟು ಸರ್ತಿ ಹೇಳ್ಬೇಕು?”

ಗಿರಣಿಯವನು ಹೋದ.

ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. “ಯಪ್ಪಾ, ನಿಮ್ಮ ಕರಾ ಹಗ್ಗ ಹರ್ಕೊಂಡು ಹೊಳಿ ಕಡೆ ಹೊಂಟೈತಿ. ಫಕೀರಪ್ಪಣ್ಣಗ ಹೇಳ್ಬೇಕಾಗಿತ್ತು.”

“ಆತವ್ವಾ. ತಲಿ ಮ್ಯಾಲೆ ಭಾರ ಹೊತ್ಕೊಂಡು ನಿಂದ್ರಬ್ಯಾಡ, ನಡಿ. ನಾ ಅದೀನಲ್ಲ!”

ಆಕೆಯನ್ನು ಅರೆಕ್ಷಣವೂ ನಿಲ್ಲಿಸಿಕೊಳ್ಳದೆ ಕಳಿಸಿದ್ದಕ್ಕೆ ಯಲ್ಲಾಲಿಂಗನಿಗೆ ಹೆಮ್ಮೆಯಾಯಿತು. ತನ್ನ ಕೋಡೇ ಎದ್ದು ಬಂದು ಬಾಗಿಲಲ್ಲಿ ಕೂತಂತೆ ಅನ್ನಿಸಿತು. ಅಜ್ಜ ನೋಡುತ್ತಿದ್ದಾರೋ ಇಲ್ಲವೋ ಅಂತ ಹೊರಳಿ ನೋಡಿದ. ಅಜ್ಜ ಬೇವಿನ ಗಿಡದ ಕೆಳಗೆ ಶೇಂಗಾ ಸುಲಿಯುತ್ತಿದ್ದರು.

ಬಿಸಿಲು ಏರಿದ ಮೇಲೆ ಅವನೂರಿನ ಮಾನಪ್ಪ ಮೋಟರ್ ಸೈಕಲ್ ಮೇಲೆ ಬಂದ. “ಯಲ್ಲ್ಯಾ! ಟ್ರ್ಯಾಕ್ಟರ್ ತುಂಬ ಮಂದಿ ಬರಾಕತ್ತಾರ. ಊಟಕ್ಕ ಒಂದು ಮಾತು ಹೇಳಿ ಬಾ ಅಂತ ನನ್ನ ಮುಂದ ಕಳಿಸ್ಯಾರ. ಅಡಗೀ ಮನ್ಯಾಗ ಯಾರದಾರ?”

“ನಾ ಇರೂಮುಂದ ಅಡಗೀ ಮನೀ ತನಕ ಯಾಕ ಹೊಕ್ಕೀ? ಆತು ಅಂತ ತಿಳ್ಕೋ.”

“ಖರೇನ?”

“ಆಶ್ರಮಾನ ನಂದೈತಿ ಅಂತ ತಿಳ್ಕೊಳ್ಳೋ!”

ಮಾನಪ್ಪ ಗಾಡಿ ತಿರುಗಿಸಿದ.

ಒಂದನ್ನೂ ಯಲ್ಲಾಲಿಂಗ ಮರೆತಿರಲಿಲ್ಲ. ಹಿಟ್ಟು, ಕರು, ಊಟ, ಎಲ್ಲ ತಲೆಯೊಳಗೆ ಪಾಳಿ ಹಚ್ಚಿ ನಿಂತಿದ್ದವು. ಅಷ್ಟರ ಮಟ್ಟಿಗೆ ಹುಡುಗ ಗಟ್ಟಿ. ಬರುವವರು ಕಡಿಮೆಯಾದ ಮೇಲೆ ಪಾಳಿ ಪ್ರಕಾರ ಮಾಡಲು ಎದ್ದ.

ಮೊದಲು ಹಿಟ್ಟು. ಮೆಟ್ಟಿಲಿಗೆ ಹೋಗಿ ನೋಡಿದರೆ ಕರು ಚೀಲದೊಳಗೆ ತಲೆ ಇಟ್ಟಿತ್ತು. ಅರ್ಧ ಹಿಟ್ಟು ಅದರ ಹೊಟ್ಟೆಗೆ, ಅರ್ಧ ನೀರಿಗೆ.

“ಏ! ಹೋ! ಹಿಡೀ!” ಅಂತ ಹಗ್ಗಕ್ಕೆ ಕೈ ಹಾಕಿದ. ಕರುವಿಗೆ ಫಕೀರಪ್ಪನ ಕೈ ಗೊತ್ತು, ಇವನ ಕೈ ಗೊತ್ತಿಲ್ಲ. ಅದು ಬೆದರಿ ಹೊಳೆಗೆ ಜಿಗಿಯಿತು. ಹಗ್ಗ ಬಿಡದ ಯಲ್ಲಾಲಿಂಗನೂ ಜೊತೆಗೆ ಜಿಗಿದ.

ಸೊಂಟದುದ್ದ ನೀರಿನಲ್ಲಿ ನಿಂತಾಗ ಅವನಿಗೆ ಹಲಗಿಯ ಸದ್ದು ಕೇಳಿಸಿತು.

ಟ್ರ್ಯಾಕ್ಟರ್ ಬಾಗಿಲಿಗೆ ಬಂದು ನಿಂತಿತ್ತು. ಊರ ಹಿರಿಯ ಬಾಳಪ್ಪ ಹೊಸ ರುಮಾಲು ಸುತ್ತಿದ್ದ. ಇಳಿದವರೆಲ್ಲ ನೆಟ್ಟಗೆ ಪಡಸಾಲೆಗೆ ಹೋಗಿ ಊಟಕ್ಕೆ ಸಾಲು ಹಿಡಿದು ಕೂತರು. ನೀಲವ್ವ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟಳು.

“ಯಾರಿವರು?”

ಯಲ್ಲಾಲಿಂಗ ನೀರು ಸುರಿಸುತ್ತ, ಕರು ಎಳೆಯುತ್ತ ಬಂದ. “ನಮ್ಮೂರ ಮಂದಿ, ನೀಲವ್ವಾ. ಊಟಕ್ಕ.”

“ಊಟಕ್ಕ? ಹಿಟ್ಟಿನ ದಾರಿ ನೋಡಿ ನೋಡಿ ನನ್ನ ಒಲಿನ ಆರೇತಿ!”

“ಹಿಟ್ಟು ಮುಂಜಾನೇನ ಬಂದೈತಿ.”

“ಎಲ್ಲೈತಿ?”

ಯಲ್ಲಾಲಿಂಗ ಕರುವನ್ನು ನೋಡಿದ. ಅದರ ಮೂತಿಗೆಲ್ಲ ಹಿಟ್ಟು ಮೆತ್ತಿತ್ತು.

ಕೊಟ್ಟಿಗೆಯಿಂದ ಫಕೀರಪ್ಪ ಓಡಿ ಬಂದ. “ನನ್ನ ಕರಾ! ಹೊಳ್ಯಾಗ ಇಳಿಯೂತನಕ ನನಗ ಒಬ್ಬರರ ಹೇಳಬಾರದೇನು?”

“ಅವಂಗೂ ಇಲ್ಲ, ನನಗೂ ಇಲ್ಲ,” ನೀಲವ್ವನ ದನಿ ಏರಿತು. “ನನ್ನ ತನಕ ಸುದ್ದಿನ ಬರ್ಲಿಲ್ಲಲ್ಲೋ! ಬಂದಿದ್ರ ನಾ ಮಾಡ್ತಿದ್ದಿಲ್ಲೇನು? ನಾ ಏನು ಸತ್ತಿದ್ನ್ಯಾ?”

“ಹಿಂಗ ಎಲ್ಲಾರೂ ನನ್ನ ಮ್ಯಾಲೆ ಬಿದ್ರ ಹೆಂಗ?” ಯಲ್ಲಾಲಿಂಗನಿಗೂ ರೇಗಿತು. “ಬಂದವರೆಲ್ಲಾ ನನಗೊಬ್ಬಗ ಹೇಳಿದ್ರ ನಾ ಎಷ್ಟಂತ ಮಾಡ್ಲಿ?”

ಬೇವಿನ ಗಿಡದ ಕೆಳಗಿಂದ ಅಜ್ಜ ಕೇಳಿದರು: “ನಿನಗೊಬ್ಬಗ ಹೇಳಾಕ ಬಂದಿದ್ರೇನು ಅವರು?”

ಯಲ್ಲಾಲಿಂಗ ನೀಲವ್ವನ ಕಡೆ ಹೊರಳಿ ನೋಡಿದ.

‘ನನ್ನ ತನಕ ಸುದ್ದಿನ ಬರ್ಲಿಲ್ಲ.’ ನೀಲವ್ವ ಅಂದದ್ದು ಅವನ ತಲೆಯಲ್ಲಿ ತಿರುಗಿತು. ಕರಿ ಪೆಟ್ಟಿಗೆ ಕೂಡ ಸತ್ತಿರಲಿಲ್ಲ. ಅದರ ತನಕವೂ ಸುದ್ದಿ ಬಂದಿರಲಿಲ್ಲ.

ಕರುವಿನ ಹಗ್ಗ ಫಕೀರಪ್ಪನ ಕೈಗೆ ತುರುಕಿ ಒಳಗೆ ಓಡಿದ.

ಒದ್ದೆ ಬಟ್ಟೆಯಲ್ಲೇ ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ನಿನ್ನೆಯ ಸಾಲುಗಳು ಹಾಗೇ ಇದ್ದವು. ಆತು, ಆತು, ಆತು. ನಿನ್ನೆ ಅವು ಅವನಿಗೆ ಪದಕದಂತೆ ಕಂಡಿದ್ದವು.

ಆಚೆ ದಂಡೆಯ ಒಂದು ಹಾಸಿಗೆ ಕಣ್ಣಿಗೆ ಬಂತು. ಕರಿ ಪೆಟ್ಟಿಗೆಯ ಹಾಸಿಗೆ. ಬಾಣಂತಿ ಗುಂಡಿ ಒತ್ತುತ್ತಾಳೆ. ಮತ್ತೆ ಒತ್ತುತ್ತಾಳೆ. ಕೆಲಸ ಆಗಿದೆ ಅಂತ ಕರ್ನಲ್ ನೆಮ್ಮದಿಯಾಗಿದೆ. ಸಾಲಿನ ಮುಂದೆ ನಿಂತವನು ‘ಆತು’ ಅಂದಿದ್ದಾನಲ್ಲ.

ಅವನು ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡ.

ಸುದ್ದಿ ಕೇಳುವ ಕೋಡಿನ ತಲೆಯ ಮೇಲೆ ಒಂದು ಪ್ರಶ್ನೆ ಬರೆದ: ಈ ಬಾಯಿ ನನ್ನ ಪೆಟ್ಟಿಗೆಯದೇ? ಅಲ್ಲ ಅಂದರೆ ಏನನ್ನಬೇಕು ಅನ್ನುವುದನ್ನೂ ಬರೆದ: ನನ್ನದಲ್ಲ, ಮುಂದಿನವನಿಗೆ ಹೇಳು. ಹುಟ್ಟಿದಾಗಿನಿಂದ ಬಾಯಲ್ಲಿ ಆಡದ ಮಾತು ಅದು, ಕೈಯಲ್ಲೂ ಸಲೀಸಾಗಿ ಬರಲಿಲ್ಲ.

ಬಿಳಿ ಪೆಟ್ಟಿಗೆಯ ಗುಂಡಿ ಒತ್ತಿದ. ಬಡಿಯಿತು.

ಕರಿಯದಕ್ಕೆ ಜೋಡಿಸಿ ಒತ್ತಿದ. ಪಡಸಾಲೆಯಲ್ಲಿ ಕೂತ ಮಂದಿಯೆಲ್ಲ ಬೆಚ್ಚಿ ಬೀಳುವಂತೆ ಬಡಿಯಿತು.

ಊರವರಿಗೆ ಏನೂ ತಿಳಿಯಲಿಲ್ಲ. ಗಂಟೆ ಬಡಿಯಿತು ಅಂದರೆ ಊಟ ಬಂತು ಅಂದುಕೊಂಡರು. ಒಳಗೆ ನೀಲವ್ವ ಇದ್ದಷ್ಟು ಅಕ್ಕಿ ತೊಳೆದು, ಬೈಯುತ್ತ ಬೈಯುತ್ತ ಒಲೆ ಹಚ್ಚುತ್ತಿದ್ದಳು.

ಬಾಳಪ್ಪ ಎದ್ದು ಬಂದು ಯಲ್ಲಾಲಿಂಗನ ಒದ್ದೆ ಬೆನ್ನು ಚಪ್ಪರಿಸಿದ. “ನಮ್ಮ ಹುಲಿ! ಅಲ್ಲೋ, ಊರಾಗ ಟ್ರಾನ್ಸ್‌ಫಾರ್ಮರ್ ಸುಟ್ಟೈತಿ. ನೀ ಬಂದು ಮುಟ್ಟಿದ್ರ ಸಾಕು, ಸರಿಯಾಗತೈತಿ ಅಂತ ಎಲ್ಲಾರಿಗೂ ಹೇಳಿ ಬಂದೀನಿ. ಮಾಡ್ತೀಯಲ್ಲ?”

ಹಲಗಿ ನಿಂತಿತು. ಊರಿಗೆ ಊರೇ ಅವನ ಮುಖ ನೋಡಿತು.

‘ಆತು’ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಯಲ್ಲಾಲಿಂಗ ಅದನ್ನು ನುಂಗಿದ. ಜೋಳದ ಒಣ ರೊಟ್ಟಿ ನೀರಿಲ್ಲದೆ ನುಂಗಿದಂತಾಯಿತು.

“ಬಾಳಪ್ಪ ಕಾಕಾ… ಅದು ನಂದಲ್ಲ.”

“ಏನಂದಿ?”

“ಅದು ನನಗ ಬರೂದಿಲ್ಲ. ಲೈನ್‌ಮನ್‌ಗ ಹೇಳ್ರಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. “ಇದನ್ನ ಕೇಳಾಕ ಟ್ರ್ಯಾಕ್ಟರ್ ಕಟ್ಕೊಂಡು ಬಂದ್ವೇನಪಾ?” ಅಂದ ಮಾನಪ್ಪ. ಹಲಗಿಯವನು ಹಲಗಿ ಕೆಳಗಿಟ್ಟು ಬೀಡಿ ಹಚ್ಚಿದ.

ಯಲ್ಲಾಲಿಂಗನ ಕಿವಿ ಕೆಂಪಾದವು. ಸರಸರ ನಡೆದು ಬೇವಿನ ಗಿಡದ ಕೆಳಗೆ ಹೋಗಿ ನಿಂತ.

“ಎರಡೂ ಬಡೀತಾವ್ರಿ, ಅಜ್ಜಾರ. ನಿಮ್ಮ ಕಿವಿಲೇ ಕೇಳೀರಿ. ಈಗರ ಹೋಗು ಅನ್ರಿ.”

ಅಜ್ಜ ಮಡಿಲಿನ ಸಿಪ್ಪೆ ಝಾಡಿಸಿ ಎದ್ದರು. ಸುಲಿದ ಶೇಂಗಾ ಅವನ ಬೊಗಸೆಗೆ ಸುರಿದರು. ಹೊಳೆಯ ಆಚೆ ದಂಡೆಯ ಕಡೆ ನೋಡುತ್ತ ಅಂದರು:

“ಅದು ನಂದಲ್ಲಪಾ. ಅಲ್ಲಿ ಬಾಣಂತ್ಯಾರು ಅದಾರ. ಪೆಟ್ಟಿಗಿ ತಗೊಂಡು ಹೋಗಿ ಅವರನ್ನ ಕೇಳು.”