ಹಸಿ ಮಡಕೆಯ ಸದ್ದು

"ಬುದ್ಧಿ, ಈಗಿನ ಮಕ್ಕಳ ಮನಸ್ಸು ಯಾಕಿಷ್ಟು ಮೆದು?" ಎಂದು ಶಿಷ್ಯ ನಿಂಗರಾಜ ಗುರುಗಳನ್ನು ಕೇಳಿದ. "ನನ್ನ ಮಗಳಿಗೆ ಹದಿನಾಲ್ಕು. ಫೋನಿನಲ್ಲಿ ತನ್ನ ಫೋಟೋ ಹಾಕಿದಳು. ಗೆಳತಿಯರಿಗೆ ಬಂದಷ್ಟು ಲೈಕು ಬರಲಿಲ್ಲ. ಗುರುತಿಲ್ಲದ ಯಾರೋ ಅವಳ ಮೂಗನ್ನು ಆಡಿಕೊಂಡು ಬರೆದರು. ಅಂದಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಾಳೆ, ಸ್ಕೂಲಿಗೂ ಹೋಗುತ್ತಿಲ್ಲ. ನಾನೂ ಎದುರಿಗೆ ಕೂರಿಸಿಕೊಂಡು ಮೂಗು ನೋಡಿದೆ. ಅಂಥಾ ಕೆಟ್ಟದಾಗೇನೂ ಇಲ್ಲ."

"ಮೆದುವಂತೆ ಮೆದು! ಕೇಳಿಲ್ಲಿ," ಎಂದು ಗುರುಗಳು ಹುಬ್ಬು ಗಂಟಿಕ್ಕಿದರು.

ಒಬ್ಬ ಕುಂಬಾರನಿದ್ದ. ಅವನ ಮಗಳು ತಿಗರಿ ತಿರುಗಿಸುವುದನ್ನು ಕಲಿತು, ಮೊದಲ ಸಲ ತಾನೇ ಒಂದಿಷ್ಟು ಮಡಕೆ ಮಾಡಿದಳು. ಅವು ನೆರಳಲ್ಲಿ ಆರುತ್ತಿದ್ದವು. ಮಡಕೆ ಸುಡುವ ಆವಿಗೆಯ ಬೆಂಕಿ ಇನ್ನೂ ಕಂಡಿರಲಿಲ್ಲ. ಹೋಗುತ್ತಾ ಬರುತ್ತಾ ಅವನ್ನು ನೋಡಿ ಹುಡುಗಿ ಹಿಗ್ಗುತ್ತಿದ್ದಳು.

ಪೇಟೆಯಲ್ಲಿ ಒಬ್ಬ ವ್ಯಾಪಾರಿ ಬೋಂಡ ಮಾರುತ್ತಿದ್ದ. ಜನ ನಿಂತರೆ ಅವನಿಗೆ ವ್ಯಾಪಾರ. ಅವನು ಹುಡುಗಿಗೆ, "ತಾ ಮಗಾ, ನನ್ನ ಜಗಲಿಯ ಮೇಲಿಡು. ಬಿಟ್ಟಿ ಜಾಗ. ಊರೆಲ್ಲ ನೋಡಲಿ, ನಿನಗೆ ಹೆಸರು ಬರಲಿ," ಎಂದ. ಅವಳು ಚೆಂದದವನ್ನು ಆರಿಸಿ, ಹಸಿಯಾಗಿರುವಾಗಲೇ ಹೊತ್ತು ತಂದಳು. ಪಕ್ಕದಲ್ಲೇ ಅವನು ಬೇರೆ ಊರಿನಿಂದ ತರಿಸಿದ, ಸುಟ್ಟು ಬಣ್ಣ ಬಳಿದ ಮಡಕೆಗಳನ್ನು ಜೋಡಿಸಿದ್ದ.

ಮಡಕೆ ಕಂಡರೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು ಜನರ ರೂಢಿ. ದಾರಿಹೋಕರೆಲ್ಲ ಬಡಿದರು. ಬಣ್ಣದ ಮಡಕೆ ಠಣ್ ಎಂದಿತು. ಹುಡುಗಿಯ ಮಡಕೆ ದಬ್ ಎಂದಿತು. "ಥೂ, ಸದ್ದೇ ಇಲ್ಲವಲ್ಲ!" ಎಂದು ನಕ್ಕರು. ನಗು ಕೇಳಿ ಇನ್ನಷ್ಟು ಜನ ಸೇರಿದರು, ಬೋಂಡ ತಿಂದರು, ಮತ್ತೆ ಬಡಿದರು. ಹುಡುಗಿ ಅಲ್ಲೇ ನಿಂತಿದ್ದಳು. ಸಂಜೆಗೆ ಅವಳ ಮಡಕೆಗಳೆಲ್ಲ ತಗ್ಗುಬಿದ್ದು ಬಿರುಕು ಬಿಟ್ಟಿದ್ದವು. "ನನ್ನ ಕೈಯೇ ಸರಿಯಿಲ್ಲಪ್ಪಾ," ಎಂದು ಮನೆಗೆ ಬಂದು ಅತ್ತಳು. ಮತ್ತೆ ತಿಗರಿಯ ಮುಂದೆ ಕೂರಲಿಲ್ಲ.

ಕುಂಬಾರನ ಮೈಯೆಲ್ಲ ಉರಿದುಹೋಯಿತು. ಜಗಲಿಗೆ ಓಡಿ, "ಹಸಿ ಮಡಕೆ ಎಲ್ಲಾದರೂ ಠಣ್ ಅನ್ನುತ್ತದೇನೋ ಪಾಪಿ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ನನ್ನ ಮಗುವಿನ ಕೈ ಕಟ್ಟಿಹಾಕಿದೆಯಲ್ಲೋ!" ಎಂದು ಕೂಗಾಡಿದ.

ವ್ಯಾಪಾರಿ ಬಾಣಲೆಯಿಂದ ತಲೆ ಎತ್ತಲಿಲ್ಲ. "ನಾನು ಒಂದನ್ನಾದರೂ ಮುಟ್ಟಿದೆನೇ? ಬಡಿದವರು ಜನ. ಮಣ್ಣು ಗಟ್ಟಿಯಿದ್ದಿದ್ದರೆ ತಾಳುತ್ತಿತ್ತು," ಎಂದ.

"ಕೇಳಿದೆಯಾ ಆ ಮಾತನ್ನ!" ಗುರುಗಳು ನೆಲಕ್ಕೆ ಕೈ ಅಪ್ಪಳಿಸಿದರು. "ಬೇಯುವ ಮೊದಲೇ ಬೀದಿಗೆ ತರಿಸಿದವನು ಅವನು. ಜನರ ಕೈಲಿ ಮಡಕೆ ಬಡಿಸಿ ಬಡಿಸಿ ಹೊಟ್ಟೆ ಹೊರೆದವನು ಅವನು. ತಪ್ಪು ಮಾತ್ರ ಮಣ್ಣಿನದಂತೆ! ನಾಚಿಕೆಯಾಗಬೇಡವೇ?"

ನಿಂಗರಾಜನಿಗೂ ಸಿಟ್ಟು ನೆತ್ತಿಗೇರಿತು. "ಅವನ ಜಗಲಿಗೆ ಬೆಂಕಿ ಬೀಳಲಿ! ಆಮೇಲೆ ಕುಂಬಾರ ಏನು ಮಾಡಿದ, ಬುದ್ಧಿ?"

"ಮನೆಗೆ ಬಂದು, ಮಗಳನ್ನು ಎದುರಿಗೆ ಕೂರಿಸಿಕೊಂಡು, ಉಳಿದಿದ್ದ ಒಂದು ಹಸಿ ಮಡಕೆಯನ್ನು ತಾನೂ ಬಡಿದು ನೋಡಿದ."