ಬೋಂಡ ಅಂಗಡಿ ಬಾಗ್ಲಿಗೆ ಬಂದ ಟ್ರಾಮು

ಮೊದ್ಲು ನನ್ ತಲೆ ಮುಟ್ಟಿ ಆಣೆ ಇಡಿ ಮಕ್ಕಳಾ, ಯಾರ್ ಮುಂದೇನೂ ಬಾಯಿ ಬಿಡಲ್ಲ ಅಂತ. ಇಟ್ರಾ? ಸರಿ, ಹತ್ರ ಬನ್ನಿ.

ನಮ್ಮ ಕಾಡಿನ ಪೇಟೆಗೆ ಟ್ರಾಮು ತರ್ಬೇಕು ಅಂತ ಆನೆ ಮಾದಯ್ಯ ಹೊರಟ. ಕಂಬಿ ಮೇಲೆ ಕರೆಂಟಲ್ಲಿ ಓಡೋ ಗಾಡಿ. ಎಲ್ಲರಿಗಿಂತ ಜಾಸ್ತಿ ಹಿಗ್ಗಿದ್ದು ಸೊಪ್ಪು ಮಾರೋ ಆಮೆ ಪುಟ್ಟಮಲ್ಲಮ್ಮ. ಪಾಪ, ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟ್ರೆ, ಪೇಟೆ ಸೇರೋ ಹೊತ್ಗೆ ಸೊಪ್ಪೆಲ್ಲ ಬಾಡಿ ಜೋತು ಬೀಳೋದು. ಯಾರೂ ಮೂಸಿ ನೋಡ್ತಿರ್ಲಿಲ್ಲ.

"ಇನ್ಮೇಲೆ ನಿನ್ ಮನೆ ಹುಣಸೆಮರದ ಹತ್ರಾನೇ ಟ್ರಾಮು ನಿಲ್ತದೆ ಕಣಜ್ಜಿ" ಅಂದ ಮಾದಯ್ಯ. ಅಲ್ಲೇ ಒಂದು ಬೋರ್ಡು ನೆಟ್ಟ. ಕಂಬಿ ಎಲ್ಲಿ ಬರ್ಬೇಕು ಅಂತ ಗುರುತಿಗೆ ಬೀದಿ ನಡುವೆ ಗೂಟ ಹೊಡೆಸಿದ.

ಅದೇ ಬೀದೀಲಿ ನರಿ ಕರಿಯಣ್ಣಂದು ಬೋಂಡ ಅಂಗಡಿ. ಗಿರಾಕಿಗಳೆಲ್ಲ ಹುಣಸೆಮರದ ಹತ್ರ ಇಳ್ದುಬಿಡ್ತಾರಲ್ಲ ಅಂತ ಅವ್ನ ಹೊಟ್ಟೆ ಉರಿ ಕೇಳ್ಬೇಡಿ! ಕಂಬಿ ಹಾಕೋಕೆ ನೆಲ ಅಗೆಯೋ ಹಂದಿಗಳು ಕೆಲ್ಸ ಬಿಟ್ಟು ಊಟಕ್ಕೆ ಹೋಗಿದ್ವು. ನರಿ ಅಂಗಡಿ ಮುಂದಿನ ಗೂಟ ಎಲ್ಲಾ ಕಿತ್ತು ತನ್ನ ಜಗಲಿ ಅಂಚಿಗೇ ನೆಟ್ಟ. ಬೋರ್ಡನ್ನೂ ಎತ್ಕೊಂಡ್ ಹೋಗಿ ತನ್ನ ಬಾಗ್ಲಲ್ಲೇ ನಿಲ್ಸಿದ.

ಪೇಟೆಯಿಂದ ವಾಪಸ್ ಬರ್ತಿದ್ದ ಆಮೆ ನೋಡ್ಬುಟ್ಳು. "ಲೋ ಕರಿಯಣ್ಣ, ಮನೆಯಿಂದ ಇಲ್ಲಿಗಂಟ ಬರೋಕೆ ನಂಗೆ ಅರ್ಧ ದಿನ ಬೇಕಲ್ಲೋ!"

"ಬೇಗ ಹೊರಡಜ್ಜಿ. ಇವತ್ತೇ ಹೊರಟ್ರೆ ನಾಳೆ ಟ್ರಾಮು ಸಿಗ್ತದೆ" ಅಂತ ನರಿ ಕಿಸಕ್ಕನೆ ನಕ್ಕ.

ಹಂದಿಗಳು ಗೂಟ ಇದ್ದ ಕಡೆಗೇ ಅಗೆದ್ವು. ಆಮೆ ತೆವಳ್ಕೊಂಡು ಹೋಗಿ ಮಾದಯ್ಯಂಗೆ ಹೇಳೋ ಅಷ್ಟ್ರಲ್ಲಿ ಕಂಬಿ ಕೂತ್ಬುಟ್ಟಿತ್ತು.

"ಹಾಕಿದ ಕಂಬಿ ಈಗ ಕೀಳಕ್ಕಾಗಲ್ಲಜ್ಜಿ, ಬೋರ್ಡಿರೋ ಕಡೆನೇ ಟ್ರಾಮು ನಿಲ್ಲೋದು" ಅಂತ ಮಾದಯ್ಯ ಕಿವಿ ಕೆಳಗೆ ಹಾಕಿದ. ಆಮೆ ಕತ್ತು ಒಳಗೆ ಎಳ್ಕೊಂಡು ಅತ್ತೇಬಿಟ್ಳು.

ಮೊದಲ್ನೇ ದಿನ. ಟಿಣ್ ಟಿಣ್ ಅನ್ಕೊಂಡು ಪೇಟೆ ಕಡೆಯಿಂದ ಟ್ರಾಮು ಬಂತು, ಒಳಗೆ ಕಾಲಿಡೋಕೆ ಜಾಗ ಇಲ್ದಷ್ಟು ಜನ. ನರಿ ಬಿಸಿ ಬೋಂಡ ತಟ್ಟೆ ಹಿಡ್ಕೊಂಡು ಬಾಗ್ಲಲ್ಲೇ ನಿಂತಿದ್ದ. ಟ್ರಾಮು ಅವನ ತಗಡಿನ ಚಪ್ಪರ ಚರ್ರಂತ ಹರ್ಕೊಂಡು, ಬಾಗ್ಲಿಗೆ ಅಡ್ಡ ಬಂದು ನಿಂತ್ಕೊಂಡ್ತು. ಟ್ರಾಮಿಗೆ ಬಾಗ್ಲಿರೋದೇ ಒಂದ್ ಕಡೆ, ಅದೂ ಅಂಗಡಿ ಕಡೆ. ತೆಗೆದ್ರೆ ಗೋಡೆ ಮುಖಕ್ಕೆ ಹೊಡೀತಿತ್ತು. ಒಳಗಿದ್ದ ಒಬ್ರೂ ಇಳಿಯೋಕಾಗ್ಲಿಲ್ಲ, ನರಿನೂ ಹೊರಗೆ ಬರೋಕಾಗ್ಲಿಲ್ಲ.

"ಅಣ್ಣಾ, ಒಂಚೂರು ಆಕಡೆ ಜರುಗ್ಸಣ್ಣಾ!" ಅಂತ ನರಿ ಕೂಗ್ದ.

"ಎತ್ತಿನ ಗಾಡಿ ಅನ್ಕೊಂಡ್ಯೇನೋ ಇದು? ಕಂಬಿ ಬಿಟ್ಟು ಕೂದಲೆಳೆಯಷ್ಟೂ ಜರುಗಲ್ಲ" ಅಂದ ಟ್ರಾಮು ಓಡಿಸ್ತಿದ್ದ ಮಾದಯ್ಯ. ಸೊಂಡ್ಲು ಹೊರಗೆ ಚಾಚಿ ಬೋರ್ಡು ಕಿತ್ಕೊಂಡ. "ಇಳಿಯೋಕೆ ಜಾಗ ಇರೋದು ಹುಣಸೆಮರದ ಹತ್ರ ಮಾತ್ರ. ಎಲ್ರೂ ಅಲ್ಲೇ ಇಳೀರಿ!"

ಟ್ರಾಮು ಮುಂದೆ ಬಂದು ಆಮೆ ಎದ್ರಿಗೇ ನಿಂತ್ಕೊಂಡ್ತು. ಇಳಿದೋರು ಅಲ್ಲೇ ಎಳೇ ದಂಟು ನೋಡಿ ಮುಗಿಬಿದ್ರು. ಉಳಿದ ಬುಟ್ಟಿ ತಲೆ ಮೇಲಿಟ್ಕೊಂಡು ಪುಟ್ಟಮಲ್ಲಮ್ಮ, ಪೇಟೆಗೆ ವಾಪಸ್ ಹೊರಟ ಟ್ರಾಮನ್ನ ಠೀವಿಯಿಂದ ಹತ್ತಿದ್ಳು. ಅವತ್ತು ಅವಳ ಸೊಪ್ಪು ಹಸಿರು ಹಸಿರಾಗೇ ಪೇಟೆ ಸೇರ್ತು.

ಟ್ರಾಮು ಬಾಗ್ಲಿಗೇ ಒರೆಸ್ಕೊಂಡು ಓಡಾಡೋದ್ರಿಂದ ಈಗ ನರಿ ಹಿತ್ತಲ ಕಿಟಕಿಯಿಂದ ತೂರ್ಕೊಂಡ್ ಬಂದು, ಬೋಂಡ ತಟ್ಟೆ ತಲೆ ಮೇಲಿಟ್ಕೊಂಡು ಹುಣಸೆಮರದ ಹತ್ರಾನೇ ಮಾರ್ತಾನೆ. "ಬಾರಪ್ಪಾ, ಬುಟ್ಟಿ ಪಕ್ಕ ಕೂತ್ಕೋ" ಅಂತಾಳೆ ಆಮೆ. ಇನ್ನೊಂದ್ ಕೇಳಿ, ಮೊನ್ನೆ ಆ ಕಿಟಕೀಲಿ ಅವನ ಹೊಟ್ಟೆ ಸಿಕ್ಕಾಕ್ಕೊಂಡು...

ಶ್! ಬಾಗ್ಲು ತಟ್ತಾವ್ರೆ. ಅಯ್ಯಯ್ಯೋ, ನರಿ ಹೆಂಡ್ತಿ ಹೆಪ್ಪು ಕೇಳೋಕೆ ಬಂದವ್ಳೆ! ಬನ್ನಿ ಬನ್ನಿ ಅಕ್ಕಾ, ಮಕ್ಳಿಗೆ ನೀತಿ ಹೇಳ್ಕೊಡ್ತಿದ್ದೆ ಅಷ್ಟೇ!

ನೀತಿ: ಎಲ್ಲರಿಗೂ ಸೇರಿದ್ದನ್ನ ಮೋಸದಿಂದ ತನ್ನ ಬಾಗ್ಲಿಗೆ ಎಳ್ಕೊಂಡೋನು ತನ್ನ ದಾರೀನೇ ಮುಚ್ಕೋತಾನೆ.