ಗಸಿಕೆರೆ

ಮಾಗಲದುರ್ಗದ ಬಸ್ ನಿಲ್ದಾಣದಿಂದ ಪಡುವಣಕ್ಕೆ ನಡೆದರೆ, ತಮ್ಮಲ್ಲೇ ಬೀರು ತಯಾರಿಸಿ ಮಾರುವ ಎರಡು ಹೊಸ ಪಬ್ಬುಗಳನ್ನು ದಾಟಿದೊಡನೆ ಒಂದು ಕೆರೆ ಎದುರಾಗುತ್ತದೆ. ಸರ್ಕಾರದ ಫಲಕ ಅದನ್ನು ತಾವರೆಕೆರೆ ಎನ್ನುತ್ತದೆ. ಊರಿನ ಬಾಯಲ್ಲಿ ಮಾತ್ರ ಅದು ಗಸಿಕೆರೆ.

ಹಿಂದೆ ಒಮ್ಮೆ ಬಿಳಿಯರ ದಂಡು ಇಲ್ಲಿ ಬೀಡುಬಿಟ್ಟಿದ್ದಾಗ, ಸಿಪಾಯಿಗಳಿಗೆಂದು ಒಬ್ಬ ದೊರೆ ಕೆರೆಯ ಮೇಲ್ದಂಡೆಯಲ್ಲಿ ಬೀರಿನ ಕಾರ್ಖಾನೆ ಕಟ್ಟಿಸಿದನಂತೆ. ಏಳು ತಾಮ್ರದ ಹಂಡೆಗಳು. ಅವುಗಳ ಉಸ್ತುವಾರಿ ಈಡಿಗರ ಮೂಡ್ಲಪ್ಪನದು. ವರ್ಷಕ್ಕೊಮ್ಮೆ ಹಂಡೆಗಳ ಒಳಮೈಗೆ ತವರದ ಕಲಾಯಿ ಹಾಕಿಸಬೇಕು. ಆ ವರ್ಷ ಮೂಡ್ಲಪ್ಪ ಎರಡು ಸಲ ನೆನಪಿಸಿದರೂ ದೊರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀರು ಹುಳಿಯಾಗಿ ಹಂಡೆಯಲ್ಲೇ ನಿಂತಿತು, ತಾಮ್ರ ಕಿಲುಬು ಬಿಟ್ಟಿತು. ಮೂಡ್ಲಪ್ಪನ ಭಾವಮೈದುನ ಕರಿಯಣ್ಣ ಒಂದು ಬಟ್ಟಲು ಕುಡಿದವನು ವಾಂತಿ ಮಾಡಿಕೊಂಡು ಮಧ್ಯಾಹ್ನದೊಳಗೆ ತೀರಿಹೋದ. ದೊರೆ ಅದನ್ನು ವಾಂತಿಭೇದಿ ಎಂದು ಸಾರಿಸಿದ.

"ಈ ಬೀರನ್ನು ದಂಡಿಗೆ ಕಳಿಸಬೇಡ. ನಾಳೆ ಸಂತೆ, ಊರಿನ ಹೆಂಡದಂಗಡಿಗಳಿಗೆ ಅಗ್ಗಕ್ಕೆ ಹೋಗಲಿ" ಎಂದು ಮೂಡ್ಲಪ್ಪನಿಗೆ ಹೇಳಿದನಂತೆ.

"ಸ್ವಾಮೀ, ಇದು ಹೊಟ್ಟೆ ಕೆಡಿಸೋದಲ್ಲ, ಜೀವ ತೆಗೆಯೋದು. ಗುಂಡಿ ತೋಡಿಸಿ, ಮಣ್ಣಿಗೆ ಚೆಲ್ಲೋಣ."

"ಬೀರು ಒಯ್ಯೋ ಗಾಡಿಗಳು ಇಲ್ಲಿಗೆ ಆಗಲೇ ಹೊರಟಿವೆ" ಎಂದು ಹೇಳಿ ದೊರೆ ಬಂಗಲೆಗೆ ಹೋದ.

ಕಾರ್ಖಾನೆಯ ಮೋರಿ ಹರಿಯುತ್ತಿದ್ದುದು ಕೆರೆಗೇ. ಊರು ಕುಡಿಯುತ್ತಿದ್ದುದೂ ಅದೇ ನೀರು. ಅದು ತಿಳಿದೂ, ಗುಂಡಿ ತೋಡಲು ಹೊತ್ತಿಲ್ಲದೆ, ಮೂಡ್ಲಪ್ಪ ಏಳೂ ಹಂಡೆಗಳ ಬಿರಡೆ ಕಿತ್ತ. ತಳದ ಗಸಿಸಮೇತ ಬೀರೆಲ್ಲ ಕೆರೆ ಸೇರಿತು. ಬೀರಿನಲ್ಲಿ ಮೈತುಂಬ ನೆನೆದಿದ್ದ ಅವನು ಏರಿಯ ಮೇಲೆ ಓಡುತ್ತ, "ಯಾರೂ ನೀರು ಮುಟ್ಟಬೇಡಿ! ದನ ಹೊಡ್ಕೊಂಡು ಹೋಗ್ರೋ!" ಎಂದು ಕೂಗಿದ. ಸಂಜೆಯ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕುಡಿದ ಅಮಲಿನಲ್ಲಿ ಹೀಗೆ ಮಾಡಿದ ಎಂದು ದೊರೆ ಹೇಳಿದಾಗ, ಅವನ ಮೈಯ ನಾತವೇ ಸಾಕ್ಷಿಯಾಯಿತು. ಮೂಡ್ಲಪ್ಪ ನಿಜ ಹೇಳಿದರೂ ಯಾರೂ ನಂಬಲಿಲ್ಲ. ಅವನಿಗೆ ಬೆಂಕಿ, ನೀರು ಕೊಡಬಾರದೆಂದು ಊರು ಕಟ್ಟು ಮಾಡಿತು.

ಮೂಡ್ಲಪ್ಪ ಊರು ಬಿಡಲಿಲ್ಲ. ಮೂರು ತಿಂಗಳು ಏರಿಯ ಮೇಲೆ ಕೋಲು ಹಿಡಿದು ನಿಂತು, ನೀರಿಗಿಳಿಯುವ ದನಕರುಗಳನ್ನು ತಿರುಗಿಸಿ ಅಟ್ಟಿದ. ಒಂದು ದಿನ ಹೆಂಡತಿ ಹೊನ್ನಮ್ಮ ದೂರದ ಹೊಳೆಗೆ ಹೋಗಿದ್ದಾಗ ಜ್ವರ ಏರಿ, ಹತ್ತಿರದ ಮನೆಯ ಬಾಗಿಲಲ್ಲಿ ನೀರು ಕೇಳಿದನಂತೆ. "ನೀನೇ ಕೆಡಿಸಿದೆಯಲ್ಲ, ಅಲ್ಲೇ ಹೋಗಿ ಕುಡಿ" ಎಂದು ಬಾಗಿಲು ಹಾಕಿದರು. ಹೊನ್ನಮ್ಮ ಕೊಡ ಹೊತ್ತು ಬರುವಾಗ ಅವನು ಏರಿಯ ಕಲ್ಲಿಗೆ ಒರಗಿ ತಣ್ಣಗಾಗಿದ್ದ.

ಮರುವರ್ಷ ದಂಡು ಹೊರಟಿತು, ಕಾರ್ಖಾನೆ ಮುಚ್ಚಿತು. ಹಂಡೆಗಳನ್ನು ಕೊಳ್ಳಲು ಬಂದ ಕಲಾಯಿಯವನು ಒಳಗೆ ಉಗುರಾಡಿಸಿ, ಹಸಿರು ಕಿಲುಬನ್ನು ಊರಿನ ಗೌಡರಿಗೆ ತೋರಿಸಿ, "ಇದರಲ್ಲಿದ್ದುದನ್ನು ಕುಡಿದವರು ಉಳಿದರೇ?" ಎಂದು ಕೇಳಿದ. ಗೌಡರು ನೇರವಾಗಿ ಹೊನ್ನಮ್ಮನ ಗುಡಿಸಲಿಗೆ ನಡೆದರು. ಬಾಗಿಲು ತೆರೆದಿತ್ತು, ಅವಳು ಎಂದೋ ಊರು ಬಿಟ್ಟಿದ್ದಳು.

ಇಂದು ಏರಿಯ ಮೇಲೆ ಹೆಸರು ಕೆತ್ತದ ಒಂದು ಕಲ್ಲು ನಿಂತಿದೆ. ಹಾದುಹೋಗುವವರು ಅದಕ್ಕೆ ಹೂವು ಏರಿಸುವುದಿಲ್ಲ, ಹೆಂಡ ಎರೆಯುವುದಿಲ್ಲ. ಮನೆಯಿಂದ ತಂದ ನೀರನ್ನು ಒಂದಿಷ್ಟು ಹೊಯ್ದು ಮುಂದೆ ಹೋಗುತ್ತಾರೆ.